ಗಾಜಿನ ಕಡಲಿಗೊಂದು ಕೋಡಿ

ಇಂದಿರಾನಗರದ ನಮ್ಮಕ್ಕನ ಮನೆಯಲ್ಲಿ ಅಜ್ಜಿ ಒಂದು ವಾರದಿಂದ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ನನಗೆ ಅವರು ಅಮ್ಮ, ಅಕ್ಕನ ಮಗಳು ಪುಟ್ಟಿಗೆ ಅಜ್ಜಿ; ಈ ಅಂಕಣದಲ್ಲಿ ಎಲ್ಲರಿಗೂ ಅಜ್ಜಿಯೇ. ಎಂಬತ್ತು ದಾಟಿದ ಮೊಣಕಾಲು, ಕೆಳಗೆ ತಣ್ಣನೆಯ ನೆಲ. "ಹಾಲ್‌ನಲ್ಲಿ ದಿವಾನ ಇದೆಯಲ್ಲಮ್ಮ" ಎಂದೆ. "ಆ ಗಾಜಿನ ಪೆಟ್ಟಿಗೆ ಜೊತೆ ನನ್ನ ಕೈಲಿ ಆಗಲ್ಲಪ್ಪ. ನಿಮ್ಮಪ್ಪನ ಗೊರಕೆ ಐವತ್ತು ವರ್ಷ ಕೇಳಿದೀನಿ. ಅದಕ್ಕೊಂದು ತಾಳ ಇತ್ತು. ಇದಕ್ಕೆ ತಾಳಾನೂ ಇಲ್ಲ, ಮೇಳಾನೂ ಇಲ್ಲ" ಎಂದರು.

ಪೆಟ್ಟಿಗೆ ಎಂದರೆ ಉಪ್ಪುನೀರಿನ ಅಕ್ವೇರಿಯಂ. ಪುಟ್ಟಿಯ ಹುಟ್ಟುಹಬ್ಬಕ್ಕೆ ಭಾವ ತಂದದ್ದು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಒಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದಂಥ ಎರಡು ಕ್ಲೌನ್ ಮೀನು, ಒಂದು ಸೀಗಡಿ, ನಾಲ್ಕಾರು ಶಂಖದ ಹುಳು. ಹಗಲು ಹೊತ್ತು ಕಣ್ಣಿಗೆ ಹಬ್ಬ. ರಾತ್ರಿ ಹನ್ನೊಂದಾಗಿ ನೂರಡಿ ರಸ್ತೆಯ ಗದ್ದಲ ಇಳಿದ ಮೇಲೆ ಇದರ ಕಛೇರಿ ಶುರು: ಗುಂಯ್ ಎನ್ನುವ ಒಂದೇ ಶ್ರುತಿ, ಅದರ ಮೇಲೆ ಗೊಟಗೊಟ, ಸೊರ್ರ್, ಮತ್ತೆ ಗೊಟಗೊಟ. ಇಷ್ಟು ಸಾಲದೆಂಬಂತೆ ಹಿಂದಿನ ವಾರ ಕರೆಂಟು ಹೋದಾಗ ಒಂದು ಬಕೆಟ್ ಉಪ್ಪುನೀರು ನೆಲಕ್ಕೆ ಚೆಲ್ಲಿ, ಕೆಳಗಿನ ಮನೆಯವರ ಸೀಲಿಂಗಿನಲ್ಲಿ ದೋಸೆಯಷ್ಟಗಲ ಕಲೆ ಮೂಡಿತ್ತು. "ಮುಂದಿನ ಭಾನುವಾರದೊಳಗೆ ಸರಿಹೋಗದಿದ್ದರೆ ಮೀನು ವಾಪಸ್ ಅಂಗಡಿಗೆ" ಎಂದು ಭಾವ ತೀರ್ಪು ಕೊಟ್ಟರು. ಪುಟ್ಟಿ ನನಗೆ ಫೋನ್ ಮಾಡಿದ್ದು ಆಗ.

"ಮಾಮ, ಅಂಗಡಿಯವರು ಇನ್ನೂ ದೊಡ್ಡ ಪಂಪ್ ಹಾಕಿ ಅಂತಾರೆ. ದೊಡ್ಡದು ಹಾಕಿದ್ರೆ ಸದ್ದು ಕಮ್ಮಿ ಆಗತ್ತಾ?"

ಈ ಏರ್ಪಾಡು ಏನೆಂದು ಮೊದಲು ನೋಡೋಣ. ಬೆಂಗಳೂರಿನ ಮಕ್ಕಳಿಗೆ ಇದು ಸುಲಭ, ಏಕೆಂದರೆ ಮನೆಮನೆಯಲ್ಲೂ ಇದರ ದೊಡ್ಡಣ್ಣ ಇದ್ದಾನೆ. ಅಂಗಳದಲ್ಲಿ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ಮೋಟರು. ಟ್ಯಾಂಕು ತುಂಬಿ ಓವರ್‌ಫ್ಲೋ ಪೈಪಿನಿಂದ ನೀರು ಧೋ ಎಂದಾಗ ಪಕ್ಕದ ಮನೆಯವರು "ಮೋಟರ್ ಆಫ್ ಮಾಡ್ರೀ" ಎಂದು ಕೂಗುತ್ತಾರಲ್ಲ, ಅದೇ. ಅಕ್ವೇರಿಯಂನವರೂ ಅದನ್ನು ಸಂಪು ಎಂದೇ ಕರೆಯುತ್ತಾರೆ. ಗಾಜಿನ ತೊಟ್ಟಿಯ ಕೆಳಗೆ, ಮರದ ಬೀರುವಿನೊಳಗೆ, ಇನ್ನೊಂದು ಚಿಕ್ಕ ತೊಟ್ಟಿ. ಮೇಲೆ ತುಂಬಿ ಹೆಚ್ಚಾದ ನೀರು ಒಂದು ಅಂಚನ್ನು ದಾಟಿ, ಪೈಪಿನಲ್ಲಿ ಇಳಿದು ಸಂಪಿಗೆ ಬರುತ್ತದೆ. ಅಲ್ಲಿ ಅದರ ಕಸ ಸೋಸುತ್ತದೆ. ಆಮೇಲೆ ಪಂಪು ಅದನ್ನು ಮೇಲಕ್ಕೆ ಮರಳಿಸುತ್ತದೆ. ಅದಕ್ಕೇ ಅದು ರಿಟರ್ನ್ ಪಂಪ್. ತಾರಸಿಯ ಟ್ಯಾಂಕಿಗೂ ಇದಕ್ಕೂ ಒಂದೇ ವ್ಯತ್ಯಾಸ: ಅಲ್ಲಿ ಓವರ್‌ಫ್ಲೋ ಆದರೆ ಎಡವಟ್ಟು, ಇಲ್ಲಿ ಇಪ್ಪತ್ನಾಲ್ಕು ಗಂಟೆಯೂ ಆಗುತ್ತಲೇ ಇರಬೇಕು.

ಯಾಕೆ ಅಷ್ಟು ಓಡಾಟ? ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ಅದರ ಮೇಲೆ ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಕಡಲ ತೀರಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ; ನೀರಿಗಿಳಿಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಮೀನಿನ ಎಂಜಲು, ಆಹಾರದ ಎಣ್ಣೆ ಎಲ್ಲ ಸೇರಿ ನೀರಿನ ಮೇಲೆ ತೆಳ್ಳಗೆ ಜಿಡ್ಡಿನ ಪೊರೆ ಕಟ್ಟುತ್ತದೆ, ತಣ್ಣಗಾದ ಹಾಲಿನ ಕೆನೆಯ ಹಾಗೆ. ಆ ಪೊರೆ ದಪ್ಪಗಾದರೆ ಗಾಳಿ ಒಳಕ್ಕೆ ಇಳಿಯುವುದು ಕಷ್ಟ. ನೀರು ಮೇಲಂಚಿನಿಂದ ಉಕ್ಕಿ ಹೋಗುವಾಗ ಮೊದಲು ಹೋಗುವುದೇ ಈ ಪೊರೆ. ಆಮ್ಲಜನಕ ಮುಗಿದರೆ ಏನಾಗುತ್ತದೆಂದು ಊರಿಗೆ ಊರೇ ಮೂಗು ಮುಚ್ಚಿಕೊಂಡು ನೋಡಿದ್ದು 2016ರ ಮಾರ್ಚ್‌ನಲ್ಲಿ. ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಅಲ್ಲಿ ಕೊಳಚೆ ಸೇರಿ ಆಮ್ಲಜನಕ ತೀರಿತ್ತು. ಇಂದಿರಾನಗರದ ಹಾಲ್‌ನಲ್ಲಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಮೀನಿಗೆ ಅದೇ ಕಷ್ಟ. ಆದ್ದರಿಂದ "ರಾತ್ರಿ ಆಫ್ ಮಾಡಿ ಮಲಗಿ" ಎನ್ನುವ ಉಪಾಯ ಇಲ್ಲಿ ನಡೆಯುವುದಿಲ್ಲ.

ಶನಿವಾರ ಸಂಜೆ ಹೋದೆ. ಪುಟ್ಟಿ ನೋಟ್‌ಬುಕ್ ಹಿಡಿದು ಸಿದ್ಧವಾಗಿದ್ದಳು. ಟೀವಿ, ಫ್ಯಾನು ಎಲ್ಲ ಆರಿಸಿ ಮೊದಲು ಕಿವಿಗೆ ಕೆಲಸ ಕೊಟ್ಟೆವು. ಮರದ ಸೌಟಿನ ಒಂದು ತುದಿ ಬೀರುವಿಗೆ, ಇನ್ನೊಂದು ತುದಿ ಕಿವಿಯ ಹತ್ತಿರ. ಗುಂಯ್ ಕೆಳಗಿನಿಂದ ಬರುತ್ತಿತ್ತು. ಆದರೆ ಗೊಟಗೊಟ ಮೇಲಿನ ಮೂಲೆಯಿಂದ. ಪಂಪನ್ನು ಅರ್ಧ ನಿಮಿಷ ನಿಲ್ಲಿಸಿದೆವು. ಗುಂಯ್ ಥಟ್ಟನೆ ನಿಂತಿತು. ಗೊಟಗೊಟ ಮಾತ್ರ ಮೇಲಿನ ನೀರು ಇಳಿಯುವವರೆಗೂ ನಡೆದೇ ಇತ್ತು.

"ಅಂದ್ರೆ ಪಂಪಿನದು ಒಂದೇ ಸದ್ದು. ಇನ್ನೊಂದು ಪೈಪಿಂದು!" ಎಂದಳು ಪುಟ್ಟಿ.

ಅಜ್ಜಿಯ ನಿದ್ದೆ ಕೆಡಿಸುತ್ತಿದ್ದುದು ಆ ಇನ್ನೊಂದು. ಒಂದೇ ಸಮನೆ ಬರುವ ಗುಂಯ್‌ಗೆ ಕಿವಿ ಹೇಗೋ ಒಗ್ಗಿಕೊಳ್ಳುತ್ತದೆ. ಬಿಟ್ಟು ಬಿಟ್ಟು ಬರುವ ಗೊಟಗೊಟಕ್ಕೆ ಒಗ್ಗುವುದಿಲ್ಲ. ದೊಡ್ಡ ಪಂಪು ಹಾಕಿದ್ದರೆ ಅದೇ ಪೈಪಿನಲ್ಲಿ ಇನ್ನೂ ಹೆಚ್ಚು ನೀರು, ಇನ್ನೂ ಹೆಚ್ಚು ಗೊಟಗೊಟ. ಅಂಗಡಿಯವರ ಸಲಹೆ ಹೊಟ್ಟೆನೋವಿಗೆ ಇನ್ನೊಂದು ತಟ್ಟೆ ಬೋಂಡ ತಿನ್ನಿ ಎಂದ ಹಾಗಿತ್ತು.

ಈ ಸದ್ದು ಎಲ್ಲಿಂದ ಹುಟ್ಟುತ್ತದೆ? ಇದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು, ಖರ್ಚಿಲ್ಲ. ಒಂದು ಲೀಟರಿನ ಬಾಟಲಿಗೆ ನೀರು ತುಂಬಿ ಬಕೆಟ್ಟಿನ ಮೇಲೆ ಬೋರಲು ಹಿಡಿಯಿರಿ. ಗೊಟ್, ಗೊಟ್, ಗೊಟ್. ನೀರು ಹೊರಗೆ ಬರಬೇಕು, ಅದೇ ಬಾಯಿಂದ ಗಾಳಿ ಒಳಗೆ ಹೋಗಬೇಕು. ಬಸ್ಸಿನ ಬಾಗಿಲಲ್ಲಿ ಇಳಿಯುವವರು, ಹತ್ತುವವರು ಒಟ್ಟಿಗೆ ನುಗ್ಗಿದಂತೆ. ಇನ್ನೊಮ್ಮೆ ತುಂಬಿ, ಬೋರಲು ಹಾಕಿದ ಕೂಡಲೇ ಬಾಟಲಿಯನ್ನು ಗಿರ್ರನೆ ಸುತ್ತಿಸಿ. ನಡುವೆ ಸುಳಿ ಬೀಳುತ್ತದೆ. ಗಾಳಿಗೆ ನಡುದಾರಿ, ನೀರಿಗೆ ಪಕ್ಕದ ದಾರಿ. ಗೊಟಗೊಟ ಇಲ್ಲದೆ, ಮೊದಲಿಗಿಂತ ಬೇಗ ಖಾಲಿ.

ಮೂರನೆಯದು ಮುಖ್ಯ. ಸ್ಟೂಲಿನ ಮೇಲೆ ಒಂದು ಬಕೆಟ್ ನೀರು, ಕೆಳಗೆ ಇನ್ನೊಂದರಲ್ಲಿ ನಾಲ್ಕು ಬೆರಳು ನೀರು. ಒಂದು ಪ್ಲಾಸ್ಟಿಕ್ ನಳಿಗೆಯೊಳಗೆ ನೀರನ್ನು ಪೂರ್ತಿ ತುಂಬಿಸಿ, ಎರಡೂ ತುದಿ ಹೆಬ್ಬೆರಳಲ್ಲಿ ಮುಚ್ಚಿ, ಒಂದು ತುದಿ ಮೇಲಿನ ನೀರಲ್ಲಿ, ಇನ್ನೊಂದು ಕೆಳಗಿನ ನೀರಲ್ಲಿ ಮುಳುಗಿಸಿ ಬೆರಳು ತೆಗೆಯಿರಿ. ನೀರು ಹರಿಯುತ್ತದೆ, ಸದ್ದೇ ಇಲ್ಲ. ಈಗ ಮೇಲಿನ ತುದಿಯನ್ನು ಮೆಲ್ಲಗೆ ನೀರಿನ ಮಟ್ಟಕ್ಕೆ ಎತ್ತಿ. ಸೊರ್ರ್! ಗಾಳಿ ಸೇರಿತು. ಕೊಳವೆಯಲ್ಲಿ ಬರೀ ನೀರಿದ್ದರೆ ಅದು ಮೌನಿ. ನೀರಿಗೆ ಗಾಳಿ ಬೆರೆತಾಗಲೇ ಮಾತು. ಪುಟ್ಟಿ ಇದನ್ನು ಏಳೆಂಟು ಸಲ ಮಾಡಿದಳು. ಹಾಲ್ ಒದ್ದೆಯಾಯಿತು. ಅಕ್ಕನ ಮುಖದ ಬಗ್ಗೆ ನಾನು ಬರೆಯುವುದಿಲ್ಲ.

ದಿವಾನದ ಮೇಲೆ ಕೂತು ನೋಡುತ್ತಿದ್ದ ಅಜ್ಜಿ ಆಗ ಬಾಯಿಬಿಟ್ಟರು. "ಇದಕ್ಕೆ ಕೋಡಿ ಎಲ್ಲಿದೆ?"

ಅಜ್ಜಿಯ ತವರು ಹೊಸಕೋಟೆ ಕಡೆಯ ಒಂದು ಹಳ್ಳಿ. ಕೆ.ಆರ್. ಪುರ ದಾಟಿ ಆಚೆಗೆ ಹೋದರೆ ಅದು ಕೆರೆಗಳ ಸೀಮೆ. ಕೆರೆಗೆ ಏರಿ ಇರುತ್ತದೆ, ಗದ್ದೆಗೆ ನೀರು ಬಿಡಲು ತೂಬು ಇರುತ್ತದೆ, ತುಂಬಿ ಹೆಚ್ಚಾದದ್ದು ಹರಿದುಹೋಗಲು ಕೋಡಿ ಇರುತ್ತದೆ. ತೂಬಿನ ಉಸ್ತುವಾರಿಗೆ ನೀರಗಂಟಿ. "ತೂಬು ನೀರಗಂಟಿ ಕೈಲಿ ಇರತ್ತೆ, ಎಷ್ಟು ಬೇಕೋ ಅಷ್ಟು ಎತ್ತತಾನೆ. ಕೋಡಿಗೆ ಯಾರ ಕೈಯೂ ಇಲ್ಲ. ಅದು ಯಾವಾಗಲೂ ತೆರೆದೇ ಇರಬೇಕು. ಕೋಡಿಗೆ ಕಲ್ಲು ಅಡ್ಡ ಇಟ್ಟರೆ ಏರಿ ಒಡೆಯತ್ತೆ" ಎಂದರು.

ನಾನು ಪುಟ್ಟಿಗೆ ಚಿತ್ರ ಬರೆದು ಅರ್ಧ ಗಂಟೆ ವಿವರಿಸಬೇಕೆಂದಿದ್ದ ವಿಷಯ ಇಷ್ಟೇ. ಸದ್ದಿಲ್ಲದ ಓವರ್‌ಫ್ಲೋಗೆ ಎರಡು ದಾರಿ ಬೇಕು, ಒಂದು ತೂಬು, ಒಂದು ಕೋಡಿ. ಭಾವ ತಂದ ತೊಟ್ಟಿಯಲ್ಲಿ ಇದ್ದದ್ದು ಒಂದೇ ಪೈಪು. ತೂಬಿನ ಕೆಲಸವನ್ನೂ ಕೋಡಿಯ ಕೆಲಸವನ್ನೂ ಅದೇ ಮಾಡಬೇಕಾಗಿ, ಅರ್ಧ ನೀರು ಅರ್ಧ ಗಾಳಿ ನುಂಗಿ ಗೊರಕೆ ಹೊಡೆಯುತ್ತಿತ್ತು.

ಒಂದು ಮಾತು ಪಕ್ಕಕ್ಕೆ. ಹಲಸೂರು ಕೆರೆಗೂ ಕೋಡಿ ಉಂಟು. ಅದರ ಹೆಚ್ಚುವರಿ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ತಾಯಿ. ರಿಟರ್ನ್ ಪಂಪೂ ಈ ಊರಿಗೆ ಹೊಸದಲ್ಲ. 1974ರಿಂದ ನಾವು ಕುಡಿಯುತ್ತಿರುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್‌ನಷ್ಟು ಎತ್ತರ ಪಂಪಿನ ಮೇಲೇ ಏರಿ ಬರುತ್ತಾಳೆ. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಅಲ್ಲಿ ಒಂದು ತುಂಬಿ ಕೋಡಿ ಹರಿದು ಇನ್ನೊಂದಕ್ಕೆ. ಇದನ್ನು ಹೇಳಿದಾಗ ಪುಟ್ಟಿ "ಹಂಗಾದ್ರೆ ಬೆಂಗಳೂರೇ ಒಂದು ದೊಡ್ಡ ಅಕ್ವೇರಿಯಂ" ಎಂದಳು. ಅಷ್ಟು ಸ್ವಚ್ಛವಿದ್ದರೆ ಚೆನ್ನಾಗಿತ್ತು.

ಕೆಲಸಕ್ಕೆ ಬರೋಣ. ತೊಟ್ಟಿಯ ಹಿಂದಿನ ಮೂಲೆಯಲ್ಲಿ ಗಾಜಿನ ಒಂದು ಗೂಡು, ಅದರ ಮೇಲಂಚಿಗೆ ಬಾಚಣಿಗೆಯ ಹಲ್ಲು (ಮೀನು ಹೋಗದಂತೆ). ಗೂಡಿನ ತಳದಲ್ಲಿ ಎರಡು ತೂತು. ಒಂದರಲ್ಲಿ ಇಳಿಯುವ ಪೈಪು, ಇನ್ನೊಂದರಲ್ಲಿ ಪಂಪಿನ ನೀರು ಏರುವ ಪೈಪು. ನಾವು ಏರುವ ಪೈಪನ್ನು ಅಲ್ಲಿಂದ ತೆಗೆದು, ತೊಟ್ಟಿಯ ಹಿಂಬದಿಯ ಅಂಚಿನ ಮೇಲಿಂದ ತಿರುಗಿಸಿ ತಂದೆವು. ಖಾಲಿಯಾದ ತೂತೇ ಕೋಡಿ. ಹೀಗೆ ಎರಡು ಪೈಪಿನ ಏರ್ಪಾಡಿಗೆ ಅಕ್ವೇರಿಯಂನವರು ಹರ್ಬಿ ಎನ್ನುತ್ತಾರೆ. ಹೊಸದಾಗಿ ತೊಟ್ಟಿ ಮಾಡಿಸುವವರು ಮೂರು ತೂತು ಹಾಕಿಸಿದರೆ ಇನ್ನೂ ಒಳ್ಳೆಯದು: ತೂಬು, ಚೂರುಪಾರು ಹೆಚ್ಚುಕಡಿಮೆಗೆ ಒಂದು ಗಾಳಿಪೈಪು, ಆಪತ್ತಿಗೆ ಒಂದು ಕೋಡಿ. ಅದರ ಹೆಸರು ಬೀನ್ ಅನಿಮಲ್. ತೂತಿಲ್ಲದ ತೊಟ್ಟಿಯ ಅಂಚಿಗೆ ನೇತುಹಾಕುವ ಡಬ್ಬಿಗಳೂ ಸಿಗುತ್ತವೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಅವು ಅಂಚಿನ ಮೇಲೆ ನೀರನ್ನು ಹೀರಿ ದಾಟಿಸುತ್ತವೆ. ಕೊಳವೆಯಲ್ಲಿ ಗಾಳಿ ಸೇರಿ ಆ ಹೀರುವಿಕೆ ಕಡಿದುಹೋದರೆ, ಕರೆಂಟು ಬಂದಾಗ ಪಂಪು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಕೆಳಕ್ಕೆ ದಾರಿ ಇರುವುದಿಲ್ಲ.

ತೂಬಿನ ಪೈಪಿನ ಬಾಯಿ ಗೂಡಿನ ನೀರಿನ ಮಟ್ಟಕ್ಕಿಂತ ಒಂದು ಗೇಣಿನಷ್ಟು ಕೆಳಗಿರಬೇಕು, ಆಗ ಸುಳಿ ಬಿದ್ದು ಗಾಳಿ ಎಳೆಯುವುದಿಲ್ಲ. ಕೋಡಿಯ ಬಾಯಿ ಅದಕ್ಕಿಂತ ಮೇಲೆ, ಗೂಡಿನ ಅಂಚಿಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ. ಹಳೆಯ ಪೈಪು ಗಿಡ್ಡವಾಗಿದ್ದರಿಂದ ನೀರು ಅಂಚಿನಿಂದ ಗೂಡಿನ ಆಳಕ್ಕೆ ಜೋಗದ ಹಾಗೆ ಬೀಳುತ್ತಿತ್ತು. ಸೊರ್ರ್ ಎನ್ನುವುದರಲ್ಲಿ ಅದರ ಪಾಲೂ ಇತ್ತು. ಈಗ ಬೀಳುವ ಎತ್ತರ ಎರಡು ಬೆರಳು. ತೂಬಿಗೆ ಕೆಳಗಡೆ ಒಂದು ವಾಲ್ವು. ಕೋಡಿಗೆ ವಾಲ್ವು ಹಾಕಲೇಬಾರದು, ಅಜ್ಜಿ ಹೇಳಿದ ಕಾರಣಕ್ಕೇ. ತೂಬಿನ ಕೆಳತುದಿ ಸಂಪಿನ ನೀರಲ್ಲಿ ಎರಡು ಸೆಂಟಿಮೀಟರಿನಷ್ಟು ಮಾತ್ರ ಮುಳುಗಿರಬೇಕು. ಹೆಚ್ಚು ಆಳಕ್ಕೆ ಇಟ್ಟರೆ ಕರೆಂಟು ಹೋಗಿ ಬಂದಾಗ ಪೈಪಿನೊಳಗಿನ ಗಾಳಿ ಹೊರಬರಲಾರದೆ ಸಿಕ್ಕಿಬೀಳುತ್ತದೆ.

ವಾಲ್ವು ತರಲು ಪುಟ್ಟಿಯೂ ನಾನೂ ಹಲಸೂರಿನ ಹಳೇ ಬೀದಿಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಎಲ್ಬೋ, ಯೂನಿಯನ್, ಪಿವಿಸಿ ಪೈಪು, ಸಲ್ಯೂಷನ್ ಎಲ್ಲ ಸಿಕ್ಕಿತು. ಕಾಲು ಸುತ್ತಿಗೆ ಪೂರ್ತಿ ತೆರೆಯುವ ಬಾಲ್ ವಾಲ್ವು ನಮಗೆ ಬೇಡ. ಕೂದಲೆಳೆಯಷ್ಟು ಹೊಂದಿಸುವುದು ಅದರಲ್ಲಿ ಕಷ್ಟ. ಸುತ್ತು ಸುತ್ತಾಗಿ ತಿರುಗಿಸುವ ಗೇಟ್ ವಾಲ್ವು ಕೇಳಿದೆ. ಅಂಗಡಿಯವರು ಹೊಳೆಯುವ ಗನ್‌ಮೆಟಲ್ ವಾಲ್ವು ಕೈಗಿಟ್ಟರು. ಗಟ್ಟಿಮುಟ್ಟು, ನಾನು ದುಡ್ಡು ತೆಗೆಯುತ್ತಿದ್ದೆ.

"ಮಾಮ, ಗನ್‌ಮೆಟಲ್ ಅಂದ್ರೆ ಏನು?"

"ತಾಮ್ರ, ತವರ, ಸತು ಬೆರೆಸಿದ..." ಎಂದವನು ಅಲ್ಲೇ ನಿಂತೆ. ತಾಮ್ರ! ಉಪ್ಪುನೀರಿನಲ್ಲಿ ತಾಮ್ರ ಕರಗುತ್ತದೆ. ಮೀನಿನ ಕೆಲವು ರೋಗಕ್ಕೆ ಅದು ಔಷಧಿ, ಆದರೆ ಸೀಗಡಿಗೂ ಶಂಖದ ಹುಳುವಿಗೂ ಚೂರೇ ಚೂರು ಬಿದ್ದರೂ ವಿಷ. ಹಿತ್ತಾಳೆಯೂ ಹಾಗೇ. ಮಾಮನ ಮಾನವೂ ಸೀಗಡಿಯ ಪ್ರಾಣವೂ ಒಟ್ಟಿಗೆ ಉಳಿದವು. ಪ್ಲಾಸ್ಟಿಕ್ಕಿನ ಗೇಟ್ ವಾಲ್ವು ಅಲ್ಲಿ ಇರಲಿಲ್ಲ. ಮೂರು ಅಂಗಡಿ ಸುತ್ತಿ, ಕೊನೆಗೆ ಶಿವಾಜಿನಗರದಲ್ಲಿ ಸಿಕ್ಕಿತು. ಅಲ್ಲಿವರೆಗೆ ಹೋದ ಮೇಲೆ ರಸೆಲ್ ಮಾರ್ಕೆಟ್ ಕಡೆಯ ಮೀನಿನ ಅಂಗಡಿಗಳನ್ನು ನೋಡದೆ ಬರುವುದುಂಟೇ? ಪುಟ್ಟಿ ಒಂದು ಗಂಟೆ ಗಾಜಿಗೆ ಮೂಗು ಒತ್ತಿ ನಿಂತಳು. ಅಂಗಡಿಗೆ ಹೋಗುವ ದೊಡ್ಡವರಿಗೆ ಎರಡು ಮಾತು. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಹಾಗೆ ಬೆಳೆಸಿದ ಮರಿಯನ್ನೇ ಕೇಳಿ. ನಮ್ಮ ಕಡಲಿನ ಕಲ್ಲುಹವಳ, ಕಡಲಕುದುರೆಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಯಾರಾದರೂ ಗುಟ್ಟಾಗಿ ಕೊಡಲು ಬಂದರೆ ಬೇಡವೆನ್ನಿ.

ಕೆಳಗಿನ ಮನೆಯ ಸೀಲಿಂಗಿನ ಕಲೆ ಇನ್ನೂ ಬಾಕಿಯಿತ್ತು. ಭಾನುವಾರ ಬೆಳಿಗ್ಗೆ ಪುಟ್ಟಿಗೆ ಒಂದು ಲೆಕ್ಕ ಕೊಟ್ಟೆ. ತೊಟ್ಟಿ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ಒಂದು ಸೆಂಟಿಮೀಟರ್ ನೀರು ಇಳಿದರೆ ಎಷ್ಟು ಲೀಟರ್? 4,050 ಘನ ಸೆಂಟಿಮೀಟರ್, ಅಂದರೆ ಸುಮಾರು 4 ಲೀಟರ್. ಪಂಪಿನ ನೀರು ಹೊರಬೀಳುವ ಮೂತಿ ನೀರಿನ ಮಟ್ಟದಿಂದ 8 ಸೆಂಟಿಮೀಟರ್ ಕೆಳಗಿತ್ತು. ಕರೆಂಟು ಹೋದರೆ ಅದೇ ಪೈಪು ತಿರುಗುಮುರುಗಾಗಿ ನೀರನ್ನು ಕೆಳಕ್ಕೆ ಎಳೆಯುತ್ತದೆ, ಬಕೆಟ್ಟಿನ ನಳಿಗೆಯ ಹಾಗೆ, ಮೂತಿಗೆ ಗಾಳಿ ಸಿಗುವವರೆಗೆ. ಎಂಟು ನಾಲ್ಕಲೆ ಮೂವತ್ತೆರಡು ಲೀಟರ್. ಸಂಪು 60 ಸೆಂ.ಮೀ. ಉದ್ದ, 35 ಅಗಲ, ಮೇಲೆ ಖಾಲಿ ಇದ್ದದ್ದು 8 ಸೆಂಟಿಮೀಟರ್. ಹಿಡಿಯುವುದು ಸುಮಾರು ಹದಿನೇಳು ಲೀಟರ್.

"ಹದಿನೈದು ಲೀಟರ್ ಹೊರಗೆ!" ಪುಟ್ಟಿ ಪೆನ್ಸಿಲ್ ಕೆಳಗಿಟ್ಟಳು. "ಒಂದು ಬಕೆಟ್. ಅದೇ ಕೆಳಗಿನ ಆಂಟಿ ಮನೆಗೆ ಹೋಗಿದ್ದು."

ನೀರು ಹಿಂದಕ್ಕೆ ಬಾರದಂತೆ ಪೈಪಿನಲ್ಲಿ ಒಂದು ಕವಾಟ ಹಾಕಿದ್ದೇವಲ್ಲ ಎಂದು ಭಾವ ವಾದಿಸಿದರು. ಬಿಚ್ಚಿ ನೋಡಿದರೆ ಅದರ ನಾಲಿಗೆಯಡಿ ಕಾಳಿನಷ್ಟು ಒಂದು ಶಂಖದ ಹುಳು ಹಾಯಾಗಿ ಸಂಸಾರ ಹೂಡಿತ್ತು. ಉಪ್ಪುನೀರಿನಲ್ಲಿ ಕವಾಟವನ್ನು ನಂಬಿ ಸಂಪಿನ ಲೆಕ್ಕ ಹಾಕಬಾರದು. ಮೂತಿಯನ್ನು ಒಂದೂವರೆ ಸೆಂಟಿಮೀಟರಿಗೆ ಎತ್ತಿದೆವು. ಈಗ ಇಳಿಯುವುದು ಆರು ಲೀಟರ್. ಗೂಡಿನ, ಪೈಪಿನ ನೀರು ಸೇರಿದರೂ ಹತ್ತರ ಒಳಗೆ. ಸಂಪಿನಲ್ಲಿ ಐದು ಸೆಂಟಿಮೀಟರ್ ಏರುತ್ತದೆ, ಅಷ್ಟೇ.

ಇದರ ಉಲ್ಟಾ ಲೆಕ್ಕವೂ ಇದೆ, ಅದನ್ನು ಬಹಳ ಜನ ಮಾಡುವುದಿಲ್ಲ. ತೂಬು, ಕೋಡಿ ಎರಡೂ ಕಟ್ಟಿಕೊಂಡವು ಅಂದುಕೊಳ್ಳಿ. ಪಂಪು ತನ್ನ ಖಾನೆಯಲ್ಲಿರುವ ನೀರನ್ನೆಲ್ಲ ಮೇಲಕ್ಕೆ ಕಳಿಸಿಯೇ ನಿಲ್ಲುವುದು. ಅಷ್ಟು ನೀರು ಹಿಡಿಯುವ ಜಾಗ ಮೇಲಿನ ತೊಟ್ಟಿಯ ಅಂಚಿನೊಳಗೆ ಇರಬೇಕು. ಆದ್ದರಿಂದ ಪಂಪಿನ ಖಾನೆ ಚಿಕ್ಕದಿದ್ದರೇ ಕ್ಷೇಮ. ಆದರೆ ಚಿಕ್ಕ ಖಾನೆಯಲ್ಲಿ ನೀರು ಆವಿಯಾಗಿ ಬೇಗ ಇಳಿಯುತ್ತದೆ, ಪಂಪು ಗಾಳಿ ಎಳೆದು ಪಟಪಟ ಸದ್ದು ಮಾಡುತ್ತದೆ. ದಿನಾ ಬೆಳಿಗ್ಗೆ ಗೆರೆ ನೋಡಿ ಸಿಹಿನೀರು ತುಂಬಿಸಬೇಕು. ಉಪ್ಪುನೀರಲ್ಲ, ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಈ ಕೆಲಸ ಈಗ ಪುಟ್ಟಿಯದು.

ಇನ್ನು ಗುಂಯ್. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಪ್ರತಿ ಸಲ ಪಂಪಿನ ಅಯಸ್ಕಾಂತವನ್ನು ಎರಡು ಬಾರಿ ಜಗ್ಗುತ್ತದೆ. ಸೆಕೆಂಡಿಗೆ 100 ಜಗ್ಗಾಟ, ಅದೇ ಗುಂಯ್. ಹಳೇ ಟ್ಯೂಬ್‌ಲೈಟಿನ ಚೋಕು ಹಾಡುವುದೂ ಇದೇ ಶ್ರುತಿಯಲ್ಲಿ. ಪಂಪು ಸಂಪಿನ ಗಾಜಿಗೆ, ಗಾಜು ಬೀರುವಿಗೆ ತಾಗಿಕೊಂಡಿದ್ದರೆ ಬೀರು ತಂಬೂರಿಯ ಬುರುಡೆಯಾಗುತ್ತದೆ. ಪಂಪನ್ನು ಬಿಚ್ಚಿ, ನೀರು ವಿನೆಗರ್ ಸಮಸಮ ಬೆರೆಸಿ ಒಂದು ಗಂಟೆ ನೆನೆಸಿ, ಕಟ್ಟಿದ್ದ ಸುಣ್ಣವನ್ನು ಹಳೇ ಬ್ರಷ್ಷಿನಲ್ಲಿ ಉಜ್ಜಿದೆವು. ಅಡಿಗೆ ಸಿಲಿಕೋನ್ ಮೆತ್ತೆ, ಗಟ್ಟಿ ಪೈಪಿನ ಬದಲು ಒಂದಡಿ ಮೆತ್ತನೆಯ ಸಿಲಿಕೋನ್ ಹೋಸು, ಸಂಪಿನ ಕೆಳಗೆ ಥರ್ಮೋಕೋಲ್ ಹಾಳೆ. ಸದ್ದು ಅರ್ಧಕ್ಕಿಳಿಯಿತು. ಪೂರ್ತಿ ಹೋಗಲಿಲ್ಲ, ಒಳಗಿನ ಚಕ್ರದ ಕಡ್ಡಿ ಸವೆದಿತ್ತು.

ಹಾಗಾಗಿ ಪಂಪು ಬದಲಿಸಿದೆವು, ದೊಡ್ಡದಲ್ಲ, ಚಿಕ್ಕದಕ್ಕೆ. ತೊಟ್ಟಿಯಲ್ಲಿ ನಿಜವಾಗಿ ಇರುವುದು ಸುಮಾರು 160 ಲೀಟರ್. ಗಂಟೆಗೆ ಐದು ಸುತ್ತು ಸಾಕು, ಅಂದರೆ 800 ಲೀಟರ್. ಡಬ್ಬಿಯ ಮೇಲೆ ಬರೆದಿರುವ ಅಂಕಿ ಸೊನ್ನೆ ಎತ್ತರದ್ದು. ಸಂಪಿನ ನೀರಿನ ಮಟ್ಟದಿಂದ ಮೇಲಿನ ಮೂತಿಗೆ ನಮ್ಮಲ್ಲಿ ಒಂದೂಕಾಲು ಮೀಟರ್. ಗರಿಷ್ಠ ಎತ್ತರ ಎರಡೂವರೆ ಮೀಟರ್ ಎಂದಿರುವ ಪಂಪು ಅಲ್ಲಿಗೆ ತಲುಪಿಸುವುದು ಅರ್ಧದಷ್ಟು ನೀರನ್ನೇ. ಅಮೆರಿಕದವರು ಬರೆದದ್ದನ್ನು ಓದಿ ಕೊಳ್ಳುವವರು ಇನ್ನೊಂದನ್ನೂ ಗಮನಿಸಿ: ಅಲ್ಲಿ ಕರೆಂಟು 60 ಆವರ್ತನದ್ದು. ಅದೇ ಎಸಿ ಪಂಪು ಇಲ್ಲಿ ನಿಧಾನ ತಿರುಗಿ ಕಡಿಮೆ ನೀರು ಎತ್ತುತ್ತದೆ. ನಾವು ಕೊಂಡದ್ದು ವೇಗ ಹೊಂದಿಸಬಹುದಾದ ಡಿಸಿ ಪಂಪು. ಬೆಲೆ ಹೆಚ್ಚು, ಆದರೆ ವೇಗ ಇಳಿಸಿದಷ್ಟೂ ಸದ್ದು ಇಳಿಯುತ್ತದೆ, ಕರೆಂಟೂ ಕಡಿಮೆ. ಎಸಿ ಪಂಪನ್ನೇ ಇಟ್ಟುಕೊಳ್ಳುವವರ ಮನೆಯ ಇನ್ವರ್ಟರು ಸ್ಕ್ವೇರ್ ವೇವ್‌ನದಾದರೆ ಕರೆಂಟು ಹೋದಾಗ ಗುಂಯ್ ಜೋರಾಗುತ್ತದೆ. ಸೈನ್ ವೇವ್‌ನದಕ್ಕೆ ಈ ತೊಂದರೆಯಿಲ್ಲ. ಇನ್ವರ್ಟರೇ ಇಲ್ಲದವರು ಬ್ಯಾಟರಿಯ ಒಂದು ಪುಟ್ಟ ಗಾಳಿಪಂಪು ತಂದಿಡಿ. ಮತ್ತೆ ವೈರನ್ನು ಸ್ವಿಚ್ಚಿಗೆ ನೇರವಾಗಿ ಎಳೆಯದೆ ಒಂದು ಜೋಲು ಬಿಡಿ, ಇಳಿದ ಹನಿ ಅಲ್ಲೇ ನೆಲಕ್ಕೆ ಬೀಳಲಿ. ಉಪ್ಪುನೀರು, ಕರೆಂಟು ಎರಡೂ ಒಂದೇ ಬೀರುವಿನಲ್ಲಿರುವ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಮಕ್ಕಳೇ, ಪ್ಲಗ್ ಕೀಳದೆ ಸಂಪಿಗೆ ಕೈ ಹಾಕಬೇಡಿ.

ಭಾನುವಾರ ರಾತ್ರಿ ಎಂಟಕ್ಕೆ ಪರೀಕ್ಷೆ. ಭಾವ ತೀರ್ಪುಗಾರರು. ತೂಬಿನ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಗೂಡು ತುಂಬಿ ಕೋಡಿ ಗೊಳೋ ಎಂದು ಅಷ್ಟೂ ನೀರನ್ನು ಹೊತ್ತೊಯ್ದಿತು, ತೊಟ್ಟಿ ಉಕ್ಕಲಿಲ್ಲ. ಪ್ಲಗ್ ಕಿತ್ತೆವು, ಸಂಪಿನಲ್ಲಿ ನೀರು ಏರಿ ಏರಿ, ಪುಟ್ಟಿ ಎಳೆದಿದ್ದ ಗೆರೆಗಿಂತ ಒಂದು ಬೆರಳು ಕೆಳಗೆ ನಿಂತಿತು. ಮತ್ತೆ ಹಾಕಿದೆವು; ಎರಡು ನಿಮಿಷ ಬುಸುಗುಟ್ಟಿ, ಗಾಳಿ ಕಕ್ಕಿ, ಸುಮ್ಮನಾಯಿತು. ಪುಟ್ಟಿ ವಾಲ್ವನ್ನು ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಳು. ಕೋಡಿಯಲ್ಲಿ ದಾರದಂಥ ಒಂದು ಎಳೆ ನೀರು ಮಾತ್ರ ಉಳಿಯಿತು. ಹತ್ತಿರ ಹೋದರೆ ಜುಳು ಎನ್ನುವುದು ಕೇಳಿಸುತ್ತದೆ, ಇಲ್ಲದಿದ್ದರೆ ಇಲ್ಲ.

"ಇದನ್ನೂ ನಿಲ್ಲಿಸಿಬಿಡ್ತೀನಿ ಮಾಮ."

ಬೇಡವೆಂದೆ. ತೂಬಿನ ಬಾಯಿಗೆ ಪಾಚಿಯೋ ಶಂಖದ ಹುಳುವೋ ಅಡ್ಡ ಬರತೊಡಗಿದರೆ ಆ ಎಳೆ ದಪ್ಪಗಾಗುತ್ತದೆ, ಜುಳು ಹೋಗಿ ಗೊಟಗೊಟ ಕೇಳಿಸುತ್ತದೆ. ನೀರು ನೆಲಕ್ಕೆ ಬೀಳುವ ಮೊದಲೇ ಎಚ್ಚರಿಸಲು ಅದಿರಬೇಕು.

ಅಜ್ಜಿ ಚಾಪೆ ಸುತ್ತಿಟ್ಟು ದಿವಾನಕ್ಕೆ ಬಂದರು. ತೊಟ್ಟಿಯ ದೀಪ ಆರಿಸಿದೆವು. ಎರಡೂ ಮೀನು ಮೂಲೆಗೆ ಸರಿದು ಒಂದಕ್ಕೊಂದು ಒತ್ತಿಕೊಂಡು ನಿಂತವು. ಭಾವ ಪಿಸುಮಾತಿನಲ್ಲಿ "ಅಂಗಡಿಗೆ ನಾಳೆ ಫೋನ್ ಮಾಡಿ ಬೇಡ ಅಂತೀನಿ" ಎಂದರು. ಈ ವಾರ ಪುಟ್ಟಿ ಫೋನ್ ಮಾಡಿದ್ದಳು. ನಡುರಾತ್ರಿ ಅಜ್ಜಿ ಅವಳನ್ನು ಎಬ್ಬಿಸಿದರಂತೆ: "ಏಳೇ, ಕೋಡಿ ಜೋರಾಗಿದೆ, ತೂಬಿಗೆ ಏನೋ ಸಿಕ್ಕಿಕೊಂಡಿದೆ ನೋಡು." ಹೋಗಿ ನೋಡಿದರೆ ಶಂಖದ ಹುಳು.